ಕೋಟೆಯೊಳಗೆ ಪ್ರೇಕ್ಷಕರಾಗಿ

ಇಟಲಿಗೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಪೀಸಾದ ವಾಲುಗೋಪುರದ ಮಾತೆತ್ತುತ್ತಾರೆ. ಅದನ್ನೂ ನೋಡಿದೆ. ಆದರೆ ಮೈಸೂರಿಗೆ ಮರಳಿ ಇಷ್ಟು ಕಾಲವಾದರೂ ನನ್ನನ್ನು ಕಾಡುತ್ತಿರುವುದು ಬೇರೆಯೇ. ಪೀಸಾದ ಆಗ್ನೇಯಕ್ಕೆ ಬೆಟ್ಟದ ಮೇಲೆ ವೊಲ್ತೆರಾ ಎಂಬ ಪುಟ್ಟ ಊರಿದೆ. ಊರಿನ ನೆತ್ತಿಯ ಮೇಲೊಂದು ಕೋಟೆ, ಕೋಟೆಯೊಳಗೆ ಜೈಲು. ಆ ಜೈಲಿನ ಅಂಗಳದಲ್ಲಿ ಕೈದಿಗಳು ಆಡಿದ ನಾಟಕವೊಂದನ್ನು ನೋಡಿದೆ. ನಾಟಕ ಮುಗಿದ ಮೇಲೆ ಒಬ್ಬ ಕೈದಿ ಕೇಳಿದ ಪ್ರಶ್ನೆ, ಮರುದಿನ ಬೆಳಿಗ್ಗೆ ನಾವು ಉಳಿದುಕೊಂಡಿದ್ದ ಮನೆಯ ಅಜ್ಜಿ ಆಡಿದ ಮಾತು, ಎರಡೂ ಒಂದಕ್ಕೊಂದು ಒಗ್ಗದೆ ನನ್ನೊಳಗೆ ಉಳಿದುಬಿಟ್ಟಿವೆ.

ಹೋಗುವ ಆಸೆ ಹುಟ್ಟಿಸಿದ್ದು ಒಂದು ಸಿನಿಮಾ. ಪಾವ್ಲೊ ಮತ್ತು ವಿತ್ತೋರಿಯೊ ತವಿಯಾನಿ ಸಹೋದರರ ‘ಸೀಸರ್ ಮಸ್ಟ್ ಡೈ’. 2012ರಲ್ಲಿ ಅದಕ್ಕೆ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್ ಬಂದಾಗ ಅಣ್ಣತಮ್ಮ ಇಬ್ಬರಿಗೂ ಎಂಬತ್ತು ತುಂಬಿತ್ತು. ರೋಮ್‌ನ ರೆಬಿಬ್ಬಿಯಾ ಜೈಲಿನಲ್ಲಿ, ಬಿಗಿ ಕಾವಲಿನ ವಿಭಾಗದ ಕೈದಿಗಳು ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ಆಡಲು ತಯಾರಾಗುತ್ತಾರೆ. ಕಥೆ ಇಷ್ಟೇ. ರಂಗದ ಮೇಲಿನ ಪ್ರದರ್ಶನ ಬಣ್ಣದಲ್ಲಿದೆ, ಕೋಣೆಗಳಲ್ಲಿ, ಓಣಿಗಳಲ್ಲಿ ನಡೆಯುವ ತಾಲೀಮು ಕಪ್ಪುಬಿಳುಪಿನಲ್ಲಿ. ಪಾತ್ರಗಳಿಗೆ ಆಯ್ಕೆ ನಡೆಯುವ ದೃಶ್ಯವೊಂದಿದೆ. ಪ್ರತಿಯೊಬ್ಬನೂ ತನ್ನ ಹೆಸರು, ಹುಟ್ಟಿದೂರು, ತಂದೆಯ ಹೆಸರು ಹೇಳಬೇಕು. ಒಮ್ಮೆ ಹೆಂಡತಿಯನ್ನು ಬೀಳ್ಕೊಡುವವನ ಹಾಗೆ ಅಳುತ್ತಾ, ಇನ್ನೊಮ್ಮೆ ಸಿಟ್ಟಿನಲ್ಲಿ. ಪೊಲೀಸರ ಮುಂದೆ ಎಷ್ಟೋ ಸಲ ಒಪ್ಪಿಸಿದ್ದ ವಿವರ ಅದು. ಅದೇ ಅಲ್ಲಿ ನಟನೆಯ ಮೊದಲ ಪಾಠ. ಅವರವರ ಊರಿನ ಆಡುಮಾತಿನಲ್ಲೇ, ನೇಪಲ್ಸಿನವನು ನೇಪಲ್ಸಿನ ಮಾತಿನಲ್ಲಿ, ಸಿಸಿಲಿಯವನು ಸಿಸಿಲಿಯ ಮಾತಿನಲ್ಲಿ, ರೋಮಿನ ಸೆನೆಟರುಗಳಾಗುತ್ತಾರೆ. ಕೊನೆಗೆ ಕ್ಯಾಸಿಯಸ್‌ನ ಪಾತ್ರ ಮಾಡಿದವನು ತನ್ನ ಕೋಣೆಗೆ ಮರಳಿ, ಕಲೆ ಏನೆಂದು ಗೊತ್ತಾದ ಮೇಲೆಯೇ ಈ ಕೋಣೆ ತನಗೆ ಸೆರೆಮನೆಯಾಗಿದ್ದು ಎಂಬರ್ಥದ ಮಾತಾಡಿ ಕಾಫಿ ಕಾಸಿಕೊಳ್ಳುತ್ತಾನೆ. ಅವನು ಜೀವಾವಧಿ ಶಿಕ್ಷೆಯ ಕೈದಿ.

ಆ ಮಾತು ನನಗೆ ಹಿಂಸೆಯಾಗಿ ಕೇಳಿತು. ಜೈಲಿಗೆ ಕಲೆ ಬೇಕು, ಕಲೆಯಿಂದ ಮನಸ್ಸು ಹಗುರಾಗುತ್ತದೆ ಎಂದು ನಾವು ಭಾಷಣ ಮಾಡುತ್ತೇವಲ್ಲ, ಇವನು ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧ. ನೋವು ಹೆಚ್ಚಾಯಿತು ಎನ್ನುತ್ತಿದ್ದಾನೆ. ಹಾಗಾದರೆ ಕಲೆಯನ್ನು ಒಳಗೆ ಕೊಂಡೊಯ್ಯುವುದು ಏತಕ್ಕೆ?

ಪೀಸಾದಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳ ಹತ್ತಿರ ಫೋನಿನಲ್ಲಿ ಇದನ್ನೇ ಹೇಳಿಕೊಂಡೆ. “ಅತ್ತೆ, ರೆಬಿಬ್ಬಿಯಾ ಸಿನಿಮಾದಲ್ಲೇ ಇರಲಿ ಬಿಡಿ. ಇಲ್ಲೇ ಹತ್ತಿರ ವೊಲ್ತೆರಾ ಅಂತ ಇದೆ. ಅಲ್ಲಿ ಪ್ರತಿ ಜುಲೈ ತಿಂಗಳು ಜೈಲಿನ ಒಳಗೇ ನಾಟಕ ಆಡ್ತಾರೆ, ಹೊರಗಿನ ಜನ ಟಿಕೆಟ್ ತಗೊಂಡು ಒಳಗೆ ಹೋಗ್ಬಹುದು” ಎಂದಳು. ಹೆಸರು, ಪಾಸ್‌ಪೋರ್ಟ್ ವಿವರ ಎಲ್ಲ ಮುಂಚೆಯೇ ಕಳುಹಿಸಿ ಒಪ್ಪಿಗೆ ಪಡೆಯುವ ಕೆಲಸವನ್ನೂ ಅವಳೇ ಮಾಡಿಟ್ಟಳು.

ಜುಲೈನ ತೊಸ್ಕಾನಾ ಚಿತ್ರಪಟಗಳಲ್ಲಿ ಕಾಣುವಷ್ಟು ಹಸಿರಾಗಿರುವುದಿಲ್ಲ. ಗೋಧಿ ಕೊಯ್ದಾಗಿತ್ತು. ಗುಡ್ಡಗಳ ಮೈಮೇಲೆ ಕೂಳೆ ಮಾತ್ರ ಉಳಿದು ಎಲ್ಲೆಲ್ಲೂ ಮಾಸಲು ಹಳದಿ. ನಡುನಡುವೆ ಸೂರ್ಯಕಾಂತಿ ಹೊಲ, ದಿಬ್ಬದ ತುದಿಯಲ್ಲಿ ಸಾಲು ಸೈಪ್ರೆಸ್ ಮರ. ನನಗೆ ಚಳ್ಳಕೆರೆಯ ಕಡೆಯ ಬಯಲು ನೆನಪಾಯಿತು, ಅಲ್ಲಿಯ ಬಂಡೆಗಳು ಇಲ್ಲಿರಲಿಲ್ಲ ಅಷ್ಟೇ. ಬೆಟ್ಟದ ಬುಡದಲ್ಲಿ ಸಲೀನೆ ಎಂಬ ಹಳ್ಳಿ. ನೆಲದಾಳದ ಉಪ್ಪುನೀರನ್ನು ತೆಗೆದು ಉಪ್ಪು ಮಾಡುವ ಊರು ಅದು. ಅಲ್ಲಿಂದ ದಾರಿ ಸುತ್ತಿ ಸುತ್ತಿ ಮೇಲೇರಿತು. ಒಂದು ತಿರುವಿನಲ್ಲಿ ಅಣ್ಣನ ಮಗಳು ಕಾರು ನಿಲ್ಲಿಸಿ ಕೈ ತೋರಿಸಿದಳು. ಊರಿಗಿಂತ ಮೊದಲು ಕಂಡಿದ್ದು ಕೋಟೆ. ಅಗಲವಾದ ದುಂಡು ಬುರುಜುಗಳು, ನಡುವೆ ಒಂದು ದಪ್ಪ ಗೋಪುರ.

1472ರಲ್ಲಿ ಪಟಿಕದ ಗಣಿಗಳ ಹಕ್ಕಿಗಾಗಿ ವೊಲ್ತೆರಾ ಮತ್ತು ಫ್ಲಾರೆನ್ಸ್ ನಡುವೆ ಜಗಳ ಹತ್ತಿತು. ಬಟ್ಟೆಗೆ ಬಣ್ಣ ಹಿಡಿಸಲು ಪಟಿಕ ಬೇಕೇಬೇಕಿದ್ದ ಕಾಲ. ಫ್ಲಾರೆನ್ಸಿನ ಲೊರೆಂಜೊ ಮೆದಿಚಿ ಸೈನ್ಯ ಕಳಿಸಿದ, ಊರು ಸೂರೆಯಾಯಿತು. ಸೋತ ಊರು ಮತ್ತೆ ತಲೆಯೆತ್ತದಂತೆ ಕಾಯಲು ಆತ ಹಳೆಯ ಕೋಟೆಗೆ ಜೋಡಿಸಿ ಈ ಹೊಸ ಕೋಟೆ ಕಟ್ಟಿಸಿದ. ಅಂದಿನಿಂದಲೂ ಅದರಲ್ಲಿ ಸೆರೆಯಾಳುಗಳಿದ್ದಾರೆ. ಈಗ ಅದು ದೀರ್ಘ ಶಿಕ್ಷೆಯಾದವರ ಜೈಲು. ಮೈಸೂರಿನ ಕೇಂದ್ರ ಕಾರಾಗೃಹವೂ ಊರೊಳಗೇ ಇದೆ. ಆದರೆ ಅದರ ಗೋಡೆಯ ಪಕ್ಕದಲ್ಲಿ ದಿನವೂ ಓಡಾಡುವ ನಮಗೆ ಅದು ಕಾಣದಂತಾಗಿಬಿಟ್ಟಿದೆ. ವೊಲ್ತೆರಾದವರು ಹಾಗೆ ಅದನ್ನು ಕಾಣದೆ ಇರಲಾರರು. ಯಾವ ಕಿಟಕಿ ತೆರೆದರೂ, ಯಾವ ದಾರಿಯಲ್ಲಿ ಊರಿಗೆ ಬಂದರೂ ಜೈಲು ಎದುರಿಗೇ.

ನಾವು ಇಳಿದುಕೊಂಡಿದ್ದು ಎಪ್ಪತ್ತು ದಾಟಿದ ಒಬ್ಬ ಹೆಂಗಸಿನ ಮನೆಯ ಮಹಡಿಯಲ್ಲಿ. ಅವರ ಗಂಡ ಅಲಬಾಸ್ಟರ್ ಕಲ್ಲಿನ ಕೆಲಸಗಾರರಾಗಿದ್ದರಂತೆ. ಆ ಊರು ಎತ್ರುಸ್ಕನ್ನರ ಕಾಲದಿಂದ ಆ ಕಲ್ಲಿಗೆ ಹೆಸರಾದದ್ದು. ಈಗಲೂ ಓಣಿಗಳಲ್ಲಿ ಬಾಗಿಲು ತೆರೆದಿಟ್ಟ ಕಾರ್ಖಾನೆಗಳಿಂದ ಬಿಳಿ ಪುಡಿ ಹೊರಗೆ ಬಂದು ಕಲ್ಲುಹಾಸಿನ ಮೇಲೆ ಕೂರುತ್ತದೆ. ಅಜ್ಜಿಯ ಕಿಟಕಿಯ ದಂಡೆಯ ಮೇಲೆ ಗಂಡ ಕೆತ್ತಿದ ಒಂದು ದೀಪದ ಬಟ್ಟಲಿತ್ತು, ಒಳಗೆ ದೀಪವಿಟ್ಟರೆ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು.

ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಅವರು ಆ ರಾತ್ರಿ ಹಳೆಯ ಬ್ರೆಡ್ಡನ್ನು ಟೊಮೆಟೊ, ಬೆಳ್ಳುಳ್ಳಿ, ತುಳಸಿಯ ಜಾತಿಯ ಸೊಪ್ಪಿನೊಂದಿಗೆ ಬೇಯಿಸಿ, ಮೇಲೆ ಹಸಿ ಆಲಿವ್ ಎಣ್ಣೆ ಸುರಿದು ಕೊಟ್ಟರು. ಗಂಜಿಗಿಂತ ಗಟ್ಟಿ, ಮುದ್ದೆಗಿಂತ ಸಡಿಲ. ಜೊತೆಗೆ ಕುರಿಹಾಲಿನ ಗಿಣ್ಣು, ಅಂದರೆ ಪೆಕೊರಿನೊ ಚೀಸು. ಆ ಭಾಗದ ಪೆಕೊರಿನೊಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ಅಂಶ ಹಾಕುವುದಿಲ್ಲ, ಒಂದು ಕಾಡು ಮುಳ್ಳುಗಿಡದ ಹೂವಿನ ರಸ ಹಾಕುತ್ತಾರೆ. “ನಿಮ್ಮಂಥವರಿಗೇ ಮಾಡಿದ್ದು, ತಿನ್ನಿ” ಎಂದು ಬಡಿಸಿದರು. ತಿನ್ನುವ ಬ್ರೆಡ್ಡಿಗೆ ಮಾತ್ರ ಒಂದು ಕಾಳು ಉಪ್ಪಿರಲಿಲ್ಲ. ಬೆಟ್ಟದ ಬುಡದಲ್ಲಿ ಉಪ್ಪಿನ ಊರು, ಮೇಲೆ ಉಪ್ಪಿಲ್ಲದ ಬ್ರೆಡ್ಡು. ತೊಸ್ಕಾನಾದ ವಾಡಿಕೆಯೇ ಹಾಗೆ. ಮೊದಲ ತುತ್ತಿಗೆ ಸಪ್ಪೆ ಎನಿಸಿದರೂ ಉಪ್ಪುಪ್ಪಾದ ಚೀಸಿನ ಜೊತೆ ಅದರ ಹದ ತಿಳಿಯಿತು.

ನಾವು ಬಂದ ಕಾರಣ ಹೇಳಿದಾಗ ಅಜ್ಜಿ ತಲೆಯಾಡಿಸಿ ಸುಮ್ಮನಾದರು. ಊರಿನ ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ ನಾಟಕದ ಭಿತ್ತಿಚಿತ್ರ ಅಂಟಿಸಿದ್ದನ್ನು ನೋಡಿಕೊಂಡೇ ಬಂದಿದ್ದ ನಾನು, “ನೀವು ಎಷ್ಟು ಸಲ ನೋಡಿದ್ದೀರಿ?” ಎಂದು ಕೇಳಿದೆ. “ಒಮ್ಮೆಯೂ ಇಲ್ಲ. ನಾನು ಹೋಗುವುದಿಲ್ಲ” ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮುಂದೆ ಕೇಳುವ ಹಾಗಿರಲಿಲ್ಲ.

ನಾಟಕ ಮರುದಿನ ಮಧ್ಯಾಹ್ನ. ಬೆಳಿಗ್ಗೆ ಬಿಡುವಿತ್ತು, ಊರ ಹೊರಗಿನ ಹಳೆಯ ಮಾನಸಿಕ ಆಸ್ಪತ್ರೆಯ ಕಡೆ ನಡೆದೆವು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ಕಾಲವಿತ್ತು. ಒಂದು ಊರಿನಷ್ಟು ಜನ ಗೋಡೆಯೊಳಗೆ. 1978ರಲ್ಲಿ ವೈದ್ಯ ಫ್ರಾಂಕೊ ಬಸಾಲಿಯಾ ಅವರ ಹೆಸರಿನಿಂದಲೇ ಗುರುತಾಗಿರುವ ಕಾನೂನು ಬಂದು ಇಟಲಿಯ ಹುಚ್ಚಾಸ್ಪತ್ರೆಗಳೆಲ್ಲ ಮುಚ್ಚುತ್ತಾ ಬಂದವು. ಈಗ ಆ ಕಟ್ಟಡಗಳಲ್ಲಿ ಕೆಲವು ಪಾಳುಬಿದ್ದಿವೆ. ಚಾವಣಿ ಸೀಳಿಕೊಂಡು ಅತ್ತಿಗಿಡ, ಕಿಟಕಿಯೊಳಗೆ ಬಳ್ಳಿ.

ಅಲ್ಲಿ ಫೆರ್ನಾಂದೊ ನನ್ನೆತ್ತಿ ಎಂಬ ರೋಗಿಯೊಬ್ಬ ಇದ್ದ. ರೋಮ್‌ನಲ್ಲಿ ಹುಟ್ಟಿದವನು, 1958ರಲ್ಲಿ ಇಲ್ಲಿಗೆ ಬಂದ. ಆಸ್ಪತ್ರೆಯಲ್ಲಿ ಕೊಟ್ಟ ಅಂಗಿಯ ಬಕಲ್ಲಿನ ಮೊನೆಯಿಂದ ಅಂಗಳದ ಗೋಡೆಯ ಗಾರೆಯನ್ನು ಕೊರೆದು ಕೊರೆದು ಬರೆಯುತ್ತಾ ಹೋದ. ನಕ್ಷತ್ರಗಳು, ಯಂತ್ರಗಳು, ತರಂಗಗಳು, ರಾಜರು, ಯುದ್ಧಗಳು, ತನ್ನದೇ ಒಂದು ವಿಶ್ವದ ದಿನಚರಿ. ಸುಮಾರು 180 ಮೀಟರ್ ಉದ್ದ. ಅಂಗಳದ ಬೆಂಚಿನ ಮೇಲೆ ಕೂತ ರೋಗಿಗಳು ಎದ್ದೇಳದಿದ್ದರೆ ಅವರ ತಲೆಯ ಸುತ್ತ ಗೆರೆ ಬಳಸಿಕೊಂಡು ಮುಂದೆ ಹೋಗುತ್ತಿದ್ದನಂತೆ. ಸಿಬ್ಬಂದಿಯಲ್ಲಿ ಒಬ್ಬರು, ಆಲ್ದೊ ತ್ರಫೆಲಿ ಎಂಬವರು, ಅವನ ಜೊತೆ ಕೂತು ಮಾತಾಡಿಸಿ ಆ ಬರಹವನ್ನು ಓದುವುದು ಹೇಗೆಂದು ಕಲಿತರು. ಅವರೊಬ್ಬರು ಇಲ್ಲದಿದ್ದರೆ ಇವತ್ತು ಆ ಗೋಡೆ ಬರಿಯ ಗೀಚು. ಬಹುಪಾಲು ಗಾರೆ ಉದುರಿಹೋಗಿದೆ. ಉಳಿದ ಕೆಲವು ತುಣುಕುಗಳನ್ನು ಬಿಡಿಸಿ ಕಾಪಾಡಿಟ್ಟಿದ್ದಾರೆ.

ಇನ್ನೊಂದು ವಿಷಯ ಗೊತ್ತಾಗಿ ಮನಸ್ಸು ಕುಸಿಯಿತು. ಆ ಆಸ್ಪತ್ರೆಯ ರೋಗಿಗಳು ಮನೆಗೆ ಬರೆದ ಎಷ್ಟೋ ಕಾಗದಗಳನ್ನು ಅಂಚೆಗೆ ಹಾಕಲೇ ಇಲ್ಲ. ಅವರವರ ಕಡತದಲ್ಲಿ ಸೇರಿಸಿ ಇಟ್ಟುಬಿಟ್ಟಿದ್ದರು. ದಶಕಗಳ ಮೇಲೆ ಅವು ಪುಸ್ತಕವಾಗಿ ಬಂದವು. ಯಾರಾದರೂ ಬಂದು ಕರೆದುಕೊಂಡು ಹೋಗಲಿ ಎಂದು ಬರೆದವರು, ಉತ್ತರ ಬಾರದ್ದಕ್ಕೆ ಮನೆಯವರನ್ನೇ ಶಪಿಸಿಕೊಂಡು ಸತ್ತಿರಬಹುದು. ಗೋಡೆಯೊಳಗಿರುವವರು ಬರೆಯುವುದಿಲ್ಲ, ಹಾಡುವುದಿಲ್ಲ, ಚಿತ್ರ ಬಿಡಿಸುವುದಿಲ್ಲ, ಅದನ್ನೆಲ್ಲ ನಾವು ಹೋಗಿ ಕಲಿಸಬೇಕು ಎಂಬ ನನ್ನ ಎಣಿಕೆ ಅಲ್ಲೇ ಸಡಿಲವಾಯಿತು. ಬರೆದವರಿಗೆ ಅಲ್ಲಿ ಕೊರತೆಯಿರಲಿಲ್ಲ. ಓದುವವರಿರಲಿಲ್ಲ.

ಕೋಟೆಯ ಬಾಗಿಲಿಗೆ ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ನಮ್ಮೊಂದಿಗೆ ಸಾಲಿನಲ್ಲಿ ನಿಂತವರು ಯುವಕರು, ಬೆನ್ನುಚೀಲದ ವಿದ್ಯಾರ್ಥಿಗಳು, ಬೀಸಣಿಗೆ ಹಿಡಿದ ಮುದುಕರು. ಫೋನು, ಚೀಲ, ಬೀಗದ ಕೈ ಎಲ್ಲ ಹೊರಗೇ ಇಟ್ಟು, ಪಾಸ್‌ಪೋರ್ಟ್ ಒಪ್ಪಿಸಿ, ಒಂದು ಕಬ್ಬಿಣದ ಬಾಗಿಲು ಹಿಂದೆ ಮುಚ್ಚಿದ ಮೇಲೆಯೇ ಮುಂದಿನದು ತೆರೆಯುವುದನ್ನು ಕಾದು ಒಳಗೆ ಹೋದೆವು. ಕಾವಲಿನವರು ಒರಟಾಗಿರಲಿಲ್ಲ. ಈ ಕೆಲಸ ಅವರಿಗೂ ರೂಢಿಯಾಗಿದೆ.

ರೂಢಿಯಾಗಲು ಎಷ್ಟು ಕಾಲ ಹಿಡಿದಿರಬೇಕು! ನೇಪಲ್ಸಿನ ಕಡೆಯ ರಂಗಕರ್ಮಿ ಅರ್ಮಾಂದೊ ಪುಂತ್ಸೊ 1988ರಲ್ಲಿ ಈ ಜೈಲಿನೊಳಗೆ ನಾಟಕದ ಕೆಲಸ ಶುರುಮಾಡಿದರು. ತಂಡದ ಹೆಸರು ‘ಕಂಪನ್ನಿಯಾ ದೆಲ್ಲಾ ಫೊರ್ತೆತ್ಸಾ’, ಕೋಟೆಯ ನಾಟಕ ಕಂಪನಿ. ಅಂದಿನಿಂದ ನಿಲ್ಲಿಸಿಲ್ಲ. ಒಂದು ಇಕ್ಕಟ್ಟಾದ ಕೋಣೆಯೇ ವರ್ಷಗಟ್ಟಲೆ ಅವರ ತಾಲೀಮಿನ ಮನೆಯಾಗಿತ್ತು. ಪೀಟರ್ ವೈಸ್‌ನ ‘ಮರಾ/ಸಾದ್’, ಜೆನೆ, ಬ್ರೆಕ್ಟ್, ಶೇಕ್ಸ್‌ಪಿಯರ್ ಎಲ್ಲವನ್ನೂ ಅವರು ತಮ್ಮ ರೀತಿಯಲ್ಲಿ ಒಡೆದು ಕಟ್ಟಿದ್ದಾರೆ. ತಾನು ಮಾಡುತ್ತಿರುವುದು ಕೈದಿಗಳಿಗೆ ಚಿಕಿತ್ಸೆಯಲ್ಲ, ಸಮಾಜಸೇವೆಯೂ ಅಲ್ಲ, ನಾಟಕ ಎಂದು ಪುಂತ್ಸೊ ಮೊದಲಿನಿಂದ ಹೇಳಿಕೊಂಡು ಬಂದಿದ್ದಾರೆ. 2023ರಲ್ಲಿ ವೆನಿಸ್‌ನ ರಂಗಭೂಮಿ ಬಿಯೆನ್ನಾಲೆ ಅವರಿಗೆ ಜೀವಮಾನ ಸಾಧನೆಯ ಗೋಲ್ಡನ್ ಲಯನ್ ಕೊಟ್ಟಿತು. ಜೈಲಿನ ನಾಟಕಕ್ಕೆ ಎಂದು ರಿಯಾಯಿತಿ ಕೊಟ್ಟ ಬಹುಮಾನವಲ್ಲ ಅದು.

ಅಂಗಳದಲ್ಲಿ ಕುರ್ಚಿಗಳಿರಲಿಲ್ಲ, ವೇದಿಕೆಯೂ ಇರಲಿಲ್ಲ. ಸುತ್ತ ಎತ್ತರದ ಗೋಡೆ, ಮೇಲೆ ಚೌಕದಷ್ಟು ಬಿಳಿಚಿದ ಆಕಾಶ. ಆಗಲೇ ನಟರು ಅಲ್ಲಲ್ಲಿ ನಿಂತಿದ್ದರು. ಮುಖಕ್ಕೆ ಬಿಳಿ ಬಳಿದುಕೊಂಡವರು, ಉದ್ದನೆಯ ಕೆಂಪು ಲಂಗದವರು, ಬರಿಮೈ ಮೇಲೆ ಹಚ್ಚೆ ಹೊತ್ತು ಕೈಯಲ್ಲಿ ದೊಡ್ಡ ಪುಸ್ತಕ ತೆರೆದು ಹಿಡಿದವರು. ನಾವು ಅವರ ನಡುವೆಯೇ ನಡೆಯಬೇಕು, ಅವರು ನಮ್ಮ ನಡುವೆ. ಸಂಗೀತ ಶುರುವಾಯಿತು. ಕಪ್ಪು ಬಟ್ಟೆ ತೊಟ್ಟ ಪುಂತ್ಸೊ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯುತ್ತಾ ತಾನೇ ಒಂದು ಪಾತ್ರವಾದರು. ಇಟಲಿಯ ಮಾತು ನನಗೆ ಅರ್ಥವಾಗದು, ಅಣ್ಣನ ಮಗಳು ಕಿವಿಯಲ್ಲಿ ಹೇಳುತ್ತಿದ್ದದ್ದನ್ನೂ ಸ್ವಲ್ಪ ಹೊತ್ತಿನಲ್ಲೇ ಬೇಡ ಎಂದೆ. ಕಥೆ ಎಂದು ಹೇಳುವಂಥದ್ದು ಇರಲಿಲ್ಲ. ಒಂದು ರೂಪ ಕೂಡಿಕೊಳ್ಳುವುದು, ಒಡೆಯುವುದು, ಇನ್ನೊಂದು ಹುಟ್ಟುವುದು. ಒಬ್ಬ ಭಾರಿ ಆಳು, ಕುಸ್ತಿಯವನಂಥ ಕತ್ತು, ತಲೆಯ ಮೇಲೆ ಕಾಗದದ ಹಡಗು ಹೊತ್ತು ಅಂಗಳದ ಒಂದು ಮೂಲೆಯಿಂದ ಇನ್ನೊಂದಕ್ಕೆ ಅಡಿಗೆ ಅಡಿ ಜೋಡಿಸಿ ನಡೆದ. ಅಷ್ಟು ನಿಧಾನವಾಗಿ ನಡೆಯುವುದಕ್ಕೆ ಎಷ್ಟು ತಿಂಗಳ ಅಭ್ಯಾಸ ಬೇಕೆಂದು ನಾಟಕ ನೋಡಿ ಬೆಳೆದವರಿಗೆ ತಿಳಿಯುತ್ತದೆ. ಕರುಣೆಯಿಂದ ನೋಡಲು ಮನಸ್ಸು ಸಿದ್ಧಮಾಡಿಕೊಂಡು ಬಂದಿದ್ದೆ. ಅವರು ಅದಕ್ಕೆ ಎಡೆಯನ್ನೇ ಕೊಡಲಿಲ್ಲ. ಕೆಲಸ ಅಷ್ಟು ಚೆನ್ನಾಗಿತ್ತು.

ಮುಗಿದ ಮೇಲೆ ಪ್ರೇಕ್ಷಕರೂ ನಟರೂ ಸ್ವಲ್ಪ ಹೊತ್ತು ಅಂಗಳದಲ್ಲೇ ಬೆರೆತು ನಿಂತರು. ಕಾಗದದ ಹಡಗು ಹೊತ್ತವನು ಬೆವರು ಒರೆಸಿಕೊಳ್ಳುತ್ತಾ ನಮ್ಮ ಹತ್ತಿರ ಬಂದ. ನೇಪಲ್ಸಿನವನು, ಐವತ್ತರ ಆಸುಪಾಸು. ಸೀರೆ ನೋಡಿ ಎಲ್ಲಿಂದ ಎಂದು ಕೇಳಿದ. ಭಾರತ, ಅದರಲ್ಲಿ ಮೈಸೂರು ಎಂದು ಹೇಳಿದೆ. ನಮ್ಮ ಊರಿನ ಜೈಲಿನವರೂ ನಾಟಕ ಆಡಿದ್ದಾರೆ ಎಂದು ಅಣ್ಣನ ಮಗಳ ಬಾಯಿಯಿಂದ ಹೇಳಿಸಿದೆ. ಅವನ ಮುಖ ಬದಲಾಯಿತು. “ಯಾವ ನಾಟಕ?”

‘ಮ್ಯಾಕ್‌ಬೆತ್’ ಎಂದೆ. ಎಚ್. ಎಸ್. ಶಿವಪ್ರಕಾಶ್ ಅದನ್ನು ನಮ್ಮ ಪಾಳೆಯಗಾರರ ಲೋಕಕ್ಕೆ ತಂದು ‘ಮಾರನಾಯಕ’ ಎಂದು ಬರೆದಿದ್ದಾರೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅದನ್ನು ಮೈಸೂರಿನ ಕೈದಿಗಳಿಂದ ಆಡಿಸಿದರು. ನಾನು ನೋಡಿದ್ದು ಹಲವು ವರ್ಷಗಳ ಹಿಂದೆ. ಕೊಲೆ ಮಾಡಿ ಸಿಂಹಾಸನ ಹತ್ತಿದವನ ಕೈಯ ನೆತ್ತರು ತೊಳೆದರೂ ಹೋಗದ ಕಥೆಯನ್ನು, ಕೊಲೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿದ್ದವರು ಆಡುತ್ತಿದ್ದರು. ಅವತ್ತು ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಅವನು ಒಂದರ ಮೇಲೊಂದು ಪ್ರಶ್ನೆ ಕೇಳಿದ. ಎಲ್ಲಿ ಆಡಿದರು, ಒಳಗೋ ಹೊರಗೋ? ಹೊರಗೆ, ಊರಿನ ರಂಗಮಂದಿರದಲ್ಲಿ. ಮನೆಯವರು ಬಂದಿದ್ದರೋ? ಬಂದಿದ್ದರು. ಕೋಳ ಇತ್ತೋ? ರಂಗದ ಮೇಲೆ ಇರಲಿಲ್ಲ. ಹೆಂಗಸರ ಪಾತ್ರ ಯಾರು ಮಾಡಿದರು? ರಾತ್ರಿ ವಾಪಸು ಹೋದರೋ? ಹೋದರು, ವ್ಯಾನಿನಲ್ಲಿ. ಅದನ್ನು ಕೇಳಿ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಜನರೆಲ್ಲ ಹೊರಟುಹೋದ ಮೇಲಿನ ಗಂಟೆಯೇ ಕಷ್ಟದ ಗಂಟೆ ಎಂದ. ಬಣ್ಣ ಒರೆಸಿಕೊಳ್ಳಲು ಅವನು ತಡಮಾಡುತ್ತಾನಂತೆ.

ಆಮೇಲೆ ಕೇಳಿದ: “ನೀವು ಹಿಂದೆ, ಆ ಗೋಡೆಯ ಹತ್ತಿರ ನಿಂತಿದ್ದಿರಿ. ನನ್ನ ಮಾತು ಅಲ್ಲಿಗೆ ಕೇಳಿಸಿತೆ?”

ಮಾತು ಅರ್ಥವಾಗಲಿಲ್ಲ, ಆದರೆ ಪ್ರತಿ ಅಕ್ಷರವೂ ಕೇಳಿಸಿತು ಎಂದೆ. ಅವನಿಗೆ ಅದು ಸಾಕಾಯಿತು. ಎದೆಯ ಮೇಲೆ ಕೈಯಿಟ್ಟು ಬಾಗಿ ಹೊರಟ.

ಈ ಪ್ರಶ್ನೆಯನ್ನೇ ನಾನು ಇಷ್ಟು ದಿನ ಹಿಡಿದುಕೊಂಡು ಕೂತಿರುವುದು. ತಾನು ಒಳ್ಳೆಯವನಾಗಿ ಕಂಡೆನೇ ಎಂದು ಅವನು ಕೇಳಲಿಲ್ಲ. ನನ್ನ ಮೇಲೆ ಮರುಕ ಬಂತೇ, ನನ್ನನ್ನು ಕ್ಷಮಿಸುವಿರಾ ಎಂದೂ ಕೇಳಲಿಲ್ಲ. ಹಿರಣ್ಣಯ್ಯನವರ ಕಂಪನಿಯ ನಟನೂ, ನೀನಾಸಮ್ ತಿರುಗಾಟದ ಹುಡುಗಿಯೂ ಕೇಳಬಹುದಾದದ್ದನ್ನೇ ಕೇಳಿದ. ತನ್ನ ಕೆಲಸ ಕೊನೆಯ ಸಾಲಿಗೆ ತಲುಪಿತೇ? ಅದಕ್ಕೆ ಉತ್ತರ ಹೇಳಲು ಕೊನೆಯ ಸಾಲಿನಲ್ಲಿ ಯಾರಾದರೂ ನಿಂತಿರಲೇಬೇಕು. ನನ್ನೆತ್ತಿಯ ಗೋಡೆಗೆ ಇಲ್ಲದ್ದು, ಅಂಚೆಗೆ ಹೋಗದ ಆ ಕಾಗದಗಳಿಗೆ ಇಲ್ಲದ್ದು ಈ ಮನುಷ್ಯನಿಗೆ ಇದೆ. ಜೈಲಿಗೆ ಕಲೆ ಕೊಂಡೊಯ್ಯುವುದು ಎಂದು ನಾವು ಹೇಳುವಾಗ ಏನನ್ನೋ ಹೊತ್ತುಕೊಂಡು ಹೋಗಿ ಹಂಚಿ ಬರುವ ಚಿತ್ರವೇ ನಮ್ಮ ಕಣ್ಣಮುಂದೆ ಇರುತ್ತದೆ. ಆಗಸ್ಟ್ 15ಕ್ಕೋ ಗಾಂಧಿ ಜಯಂತಿಗೋ ಹೊರಗಿನ ತಂಡ ಹೋಗಿ ಹಾಡಿ, ಸಿಹಿ ಕೊಟ್ಟು, ಬುದ್ಧಿಮಾತು ಹೇಳಿ, ಫೋಟೊ ತೆಗೆಸಿಕೊಂಡು ಬರುತ್ತದೆ. ಅದು ಬೇಡವೆನ್ನುವುದಿಲ್ಲ, ಬಿಡುವಿಲ್ಲದ ಒಂದೇ ಬಗೆಯ ದಿನಗಳಲ್ಲಿ ಒಂದು ಹಾಡಿಗೂ ಬೆಲೆಯಿದೆ. ಆದರೆ ಅಲ್ಲಿ ಪ್ರೇಕ್ಷಕನಾಗಿ ಕೂತವನು ಮತ್ತೆ ಕೈದಿಯೇ. ನಾವು ಹೋಗಿ ಅವನ ಮುಂದೆ ಪ್ರೇಕ್ಷಕರಾಗಿ ನಿಂತಾಗಲೇ ಹಂಚಿಕೊಳ್ಳುವುದು ಶುರುವಾಗುವುದು ಎಂದು ನನಗೀಗ ಖಚಿತವಾಗಿದೆ.

ಸಿನಿಮಾದ ಮಾತಿಗೂ ಅಲ್ಲಿಯೇ ಅರ್ಥ ಸಿಕ್ಕಿತು. ಕಲೆಯಿಂದ ಕೋಣೆ ಇನ್ನಷ್ಟು ಇಕ್ಕಟ್ಟಾಗುತ್ತದೆ ನಿಜ. ಇಕ್ಕಟ್ಟು ಎಂದು ಅನಿಸುವಷ್ಟು ಜೀವ ಉಳಿಯುವುದೂ ಅದರಿಂದಲೇ.

ಇಟಲಿಯಲ್ಲಿ ಇದು ಒಬ್ಬ ಪುಂತ್ಸೊನ ಹಟದಿಂದ ಮಾತ್ರ ಆದದ್ದಲ್ಲ. ಶಿಕ್ಷೆಯು ಅಪರಾಧಿಯ ಮರುಶಿಕ್ಷಣದ ಕಡೆ ಸಾಗಬೇಕು ಎಂದು ಅಲ್ಲಿಯ ಸಂವಿಧಾನದ 27ನೆಯ ವಿಧಿ ಹೇಳುತ್ತದೆ. 1975ರ ಕಾರಾಗೃಹ ಸುಧಾರಣಾ ಕಾನೂನು, 1986ರ ಅದರ ತಿದ್ದುಪಡಿ ಇವುಗಳಿಂದ ರಜೆಯ ಮೇಲೆ, ಕೆಲಸದ ಮೇಲೆ ಕೈದಿ ಹೊರಗೆ ಹೋಗಿಬರುವ ದಾರಿ ತೆರೆಯಿತು. ಈ ಕೋಟೆಯ ತಂಡದ ನಟ, ಜೀವಾವಧಿ ಶಿಕ್ಷೆಯ ಅನ್ಯೆಲ್ಲೊ ಅರೆನಾ, ಮತ್ತೆಯೊ ಗರ್ರೋನೆ ನಿರ್ದೇಶನದ ‘ರಿಯಾಲಿಟಿ’ ಸಿನಿಮಾದ ನಾಯಕ. ಹಗಲು ಚಿತ್ರೀಕರಣ, ರಾತ್ರಿ ಜೈಲು. 2012ರ ಕಾನ್ ಉತ್ಸವದಲ್ಲಿ ಅದಕ್ಕೆ ಗ್ರಾಂ ಪ್ರಿ ಬಂತು. ಬರ್ಲಿನ್‌ನಲ್ಲಿ ರೆಬಿಬ್ಬಿಯಾದವರು, ಕಾನ್‌ನಲ್ಲಿ ವೊಲ್ತೆರಾದವನು, ಒಂದೇ ವರ್ಷ.

ನಮ್ಮಲ್ಲಿ? ಕಟ್ಟೀಮನಿಯವರು ತೊಂಬತ್ತರ ದಶಕದ ಕೊನೆಯಿಂದ ಕರ್ನಾಟಕದ ಜೈಲುಗಳಲ್ಲಿ ಮಾಡಿದ ಕೆಲಸ ಒಂದು ಲೆಕ್ಕದಲ್ಲಿ ವೊಲ್ತೆರಾದಷ್ಟೇ ದಿಟ್ಟವಾದದ್ದು. ಕೈದಿಗಳನ್ನು ಹೊರಗೆ ತಂದು ಊರಿನ ಜನರ ಮುಂದೆ ನಿಲ್ಲಿಸಿದರು. ಒಬ್ಬ ಓಡಿಹೋದರೆ ಎಲ್ಲವೂ ಮುಗಿಯುವ ಅಪಾಯವನ್ನು ಮೈಮೇಲೆ ಎಳೆದುಕೊಂಡ ಕಲಾವಿದರೂ ಅಧಿಕಾರಿಗಳೂ ನಮ್ಮಲ್ಲಿದ್ದರು ಎಂಬುದು ಹೆಮ್ಮೆಯ ಮಾತು. ಆದರೆ ಹೀಗೆ ನಡೆಯುವ ಕೆಲಸ ಒಬ್ಬಿಬ್ಬರ ಆಸಕ್ತಿಯ ಮೇಲೆ ನಿಂತಿರುತ್ತದೆ. ಅಧಿಕಾರಿಗೆ ವರ್ಗವಾದರೆ ನಾಟಕಕ್ಕೂ ವರ್ಗ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಭಾರತದ ಜೈಲುಗಳಲ್ಲಿರುವವರಲ್ಲಿ ಸುಮಾರು ನಾಲ್ಕರಲ್ಲಿ ಮೂವರು ಇನ್ನೂ ಶಿಕ್ಷೆಯೇ ಆಗದ ವಿಚಾರಣಾಧೀನರು. ನಮ್ಮ ಜೈಲು ಬಸ್‌ ನಿಲ್ದಾಣದಂತೆ ಕಿಕ್ಕಿರಿದಿದೆ, ಯಾರ ಬಸ್ಸು ಯಾವಾಗ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಮುಂದಿನ ವಾಯಿದೆಗೆ ಜಾಮೀನು ಸಿಗುತ್ತದೋ ಇಲ್ಲವೋ ಎಂದು ಕಾಯುವವನು ಯಾವ ನಾಟಕದ ಮಾತು ಬಾಯಿಪಾಠ ಮಾಡಿಯಾನು? ತಂಡ ಕಟ್ಟಲು ಕಾಲ ಬೇಕು. ಅವರ ಹತ್ತಿರ ಕಾಲ ಬೇಕಾದಷ್ಟಿದೆ, ಅದರ ಅಳತೆ ಮಾತ್ರ ಅವರಿಗೆ ಕೊಟ್ಟಿಲ್ಲ. ಜೈಲಿನಲ್ಲಿ ಕಲೆ ಎಂದು ಮಾತಾಡುವ ನಮ್ಮಂಥವರು ನ್ಯಾಯಾಲಯಗಳ ವಿಳಂಬದ ಬಗ್ಗೆಯೂ ಅಷ್ಟೇ ಜೋರಾಗಿ ಮಾತಾಡದಿದ್ದರೆ ನಮ್ಮ ಮಾತು ಪೊಳ್ಳು.

ಹಿಂದಿರುಗುವ ಬೆಳಿಗ್ಗೆ ಅಜ್ಜಿ ಕಾಫಿ ಕಾಸಿಕೊಟ್ಟು ಮೇಜಿನ ಆಚೆ ಕೂತರು. ನಾಟಕ ಹೇಗಿತ್ತು ಎಂದು ತಾವಾಗಿಯೇ ಕೇಳಿದರು. ಕಾಗದದ ಹಡಗಿನ ಬಗ್ಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ತಮ್ಮ ತಂಗಿಯ ಗಂಡನ ವಿಷಯ ಹೇಳಿದರು. ನೇಪಲ್ಸ್ ಹತ್ತಿರ ಅಂಗಡಿ ಇಟ್ಟುಕೊಂಡಿದ್ದವರು, ಒಂದು ಸಂಜೆ ಅಂಗಡಿಯ ಮುಂದೆಯೇ ಗುಂಡಿಗೆ ಬಲಿಯಾದರು. ಹೊಡೆದವರಿಗೆ ಶಿಕ್ಷೆಯಾಯಿತು. ಯಾವ ಜೈಲಿನಲ್ಲಿದ್ದಾರೋ ಇವರು ತಿಳಿದುಕೊಳ್ಳಲು ಹೋಗಲಿಲ್ಲ.

“ಅವರು ನಾಟಕ ಆಡಬಾರದು ಅಂತ ನಾನು ಹೇಳುವುದಿಲ್ಲ” ಎಂದರು. “ಕೋಟೆಯಿಂದ ಜುಲೈನಲ್ಲಿ ಸಂಗೀತ ಕೇಳಿಸುತ್ತದೆ, ನಾನು ಕಿಟಕಿ ಮುಚ್ಚುವುದೂ ಇಲ್ಲ. ಆದರೆ ಚೆನ್ನಾಗಿದ್ದರೆ ಚಪ್ಪಾಳೆ ತಟ್ಟಬೇಕಾಗುತ್ತದಲ್ಲ. ನನ್ನ ತಂಗಿಗೆ ಯಾರೂ ಚಪ್ಪಾಳೆ ತಟ್ಟಿಲ್ಲ. ಇಪ್ಪತ್ತು ವರ್ಷ ಆ ಅಂಗಡಿಯನ್ನು ಒಬ್ಬಳೇ ನಡೆಸಿದಳು, ಅದೇ ಬಾಗಿಲಿನಲ್ಲಿ ಕೂತು.”

ನಾನು ಉತ್ತರ ಕೊಡಲಿಲ್ಲ. ಈಗಲೂ ನನ್ನಲ್ಲಿ ಉತ್ತರವಿಲ್ಲ. ಅಂಗಳದಲ್ಲಿ ಪ್ರೇಕ್ಷಕಳಾಗಿ ನಿಂತದ್ದು ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಜ್ಜಿ ಅಲ್ಲಿಗೆ ಹೋಗದಿರುವುದೂ ಸರಿ. ಮೈಸೂರಿನ ಆ ರಂಗಮಂದಿರದಲ್ಲಿ ಕೈದಿಗಳ ಹೆಂಡತಿ ಮಕ್ಕಳು ಮುಂದಿನ ಸಾಲಿನಲ್ಲಿದ್ದರು. ಆ ಕೈದಿಗಳ ಕೈಯಲ್ಲಿ ಸತ್ತವರ ಹೆಂಡತಿ ಮಕ್ಕಳು ಎಲ್ಲಿದ್ದರು ಎಂದು ಆಗ ನನಗೆ ಹೊಳೆದೂ ಇರಲಿಲ್ಲ. ಅವರ ಮಾತನ್ನು ಕೇಳಲೂ ಒಂದು ಕೊನೆಯ ಸಾಲು ಬೇಕು. ಅದನ್ನು ಯಾರೂ ಹಾಕಿಕೊಟ್ಟಿಲ್ಲ, ನಮ್ಮಲ್ಲೂ ಇಲ್ಲ, ಅಲ್ಲಿಯೂ ನನಗೆ ಕಾಣಲಿಲ್ಲ.

ಅಜ್ಜಿ ದಾರಿಗೆಂದು ಬ್ರೆಡ್ಡು, ಚೀಸು ಕಟ್ಟಿಕೊಟ್ಟರು. ಊರ ಪಶ್ಚಿಮದ ಅಂಚಿನಲ್ಲಿ ನೆಲವೇ ಕುಸಿದು ಕುಸಿದು ಹಳೆಯ ಚರ್ಚು, ಎತ್ರುಸ್ಕನ್ನರ ಗೋರಿಗಳನ್ನೆಲ್ಲ ನುಂಗಿರುವ ಕಮರಿಗಳಿವೆ. ಅಲ್ಲಿ ಸ್ವಲ್ಪ ಹೊತ್ತು ನಿಂತು ಇಳಿಯತೊಡಗಿದೆವು. ಸಲೀನೆ ದಾಟುವವರೆಗೂ ಅಣ್ಣನ ಮಗಳು ಮಾತಾಡಲಿಲ್ಲ.

“ಅತ್ತೆ, ಆ ಹಡಗಿನವನು ಏನು ಮಾಡಿ ಒಳಗೆ ಬಂದ ಅಂತ ಕೇಳ್ಬೇಕಿತ್ತಾ?”

“ನಾವು ಕೇಳಬೇಕಾದ್ದಲ್ಲ ಅದು.”

“ಅಜ್ಜಿ ಕೇಳಬಹುದಾ?”

“ಅವರು ಕೇಳಬಹುದು. ಅವನು ಉತ್ತರ ಕೊಡಲೂಬೇಕು.”

“ಹಾಗಿದ್ರೆ ಮುಂದಿನ ಸಲ ಅಜ್ಜಿನ ಕರ್ಕೊಂಡು ಹೋಗೋಣ್ವಾ?”

ಅವರನ್ನು ಕರೆಯುವ ಹಕ್ಕು ನಮಗಿದೆಯೇ ಎಂದು ಪೀಸಾ ಮುಟ್ಟುವವರೆಗೂ ಇಬ್ಬರೂ ವಾದ ಮಾಡಿದೆವು. ಫೋನಿನಲ್ಲಿ ಆ ವಾದ ಇನ್ನೂ ನಡೆಯುತ್ತಿದೆ.